ಹಲಗೆ ನಮ್ಮ ಪಾಲಿಗೆ

ಮಾವ ತೀರಿಕೊಂಡ ವರ್ಷ ಪಾಲಾಯಿತು.
ತಾಮ್ರದ ಕೊಪ್ಪರಿಗೆ ಗಂಡನ ಅಕ್ಕ ನಿವೆಸ್‌ಗೆ,
ದುಂಡು ಮರದ ಹಲಗೆ ನಮಗೆ.
ಹಿತ್ತಲ ಆಕ್ರೋಟ್ ಮರ ಯಾರದೆಂದು ತೀರ್ಮಾನವಾಗಲಿಲ್ಲ,
ಅದಕ್ಕೇ ಅಕ್ಕ ತಮ್ಮನಿಗೆ ಹನ್ನೊಂದು ವರ್ಷದಿಂದ ಮಾತಿಲ್ಲ.
ಕಾಯಿ ಅಳಿಲು ತಿನ್ನುತ್ತದೆ.

ಆದರೆ ಪೊಲೆಂಟಾಕ್ಕೆ ಎರಡೂ ಬೇಕು.
ಕೊಪ್ಪರಿಗೆಯಲ್ಲಿ ಬೇಯಬೇಕು, ಹಲಗೆಯ ಮೇಲೆ ಮಗುಚಬೇಕು.
ಸೌಟಿನಲ್ಲಿ ಬಟ್ಟಲಿಗೆ ಬಡಿಸಿದರೆ
ಅದು ಗಂಜಿ, ಕಾಯಿಲೆಯವರಿಗೆ ಕೊಡು
ಎನ್ನುತ್ತಾರೆ ಕಾರ್ನಿಯಾದ ಈ ಕಣಿವೆಯ ಜನ.

ನಾನು ತೆಂಕಣ ಸೀಮೆಯವಳು, ಪುಲಿಯಾದವಳು.
ಪೊಲೆಂಟಾ ತಿನ್ನೋರು ಅನ್ನುವುದು ನಮ್ಮೂರಲ್ಲಿ ಬೈಗುಳ.
ಅಮ್ಮ ಫೋನಿನಲ್ಲಿ ಕೇಳುತ್ತಾಳೆ:
ಇನ್ನೂ ಆ ಹಳದಿ ಕೆಸರು ತಿನ್ನುತ್ತೀಯೇನೇ?
ಹೌದಮ್ಮ, ಭಾನುವಾರ ಭಾನುವಾರ.

ಎಸರು ಮರಳಿತೆಂದರೆ ಗೋಡೆಯಾಚೆ
ಕೊಪ್ಪರಿಗೆಯ ಅಂಚಿಗೆ ಕೋಲಿನ ಮೂರು ಏಟು.
ಎಲ್ವಿಯೊ ಪತ್ರಿಕೆಯಿಂದ ತಲೆ ಎತ್ತುವುದಿಲ್ಲ.
ಹಲಗೆ ಕಂಕುಳಲ್ಲಿಟ್ಟು ಅಂಗಳ ದಾಟುತ್ತೇನೆ,
ಜನವರಿಯ ಹಿಮದ ಮೇಲೆ ನನ್ನದೊಂದೇ ಹೆಜ್ಜೆಸಾಲು,
ಹೋದದ್ದು, ಬಂದದ್ದು.

ಅವಳು ತೊಳಸುವುದನ್ನು ನೋಡಬೇಕು.
ಎಡಗೈ ಮುಷ್ಟಿಯಿಂದ ಜೋಳದ ಹಿಟ್ಟು ಸಣ್ಣಗೆ ಉದುರುತ್ತದೆ,
ಬಲಗೈಯ ಕೋಲು ನಿಲ್ಲುವುದಿಲ್ಲ, ಗಂಟು ಕಟ್ಟುವುದಿಲ್ಲ.
ಗಡಿಯಾರ ಬೇಡ ಅವಳಿಗೆ,
ಜಪಮಾಲೆ ಮೂರು ಸುತ್ತು,
ನಡುನಡುವೆ ನನ್ನ ಗಂಡನಿಗೆ ಬೈಗುಳ:
ದೇವಮಾತೆಯೇ, ಅಪ್ಪನ ಕುಡುಗೋಲನ್ನೂ ಕೊಡಲಿಲ್ಲ ಅವನು, ಆಮೆನ್.
ಗುಳುಕ್ಕೆಂದು ಗುಳ್ಳೆ ಒಡೆದು ಮೊಣಕೈಗೆ ಹಾರುತ್ತದೆ.
ಆ ತೋಳಿನ ಸುಟ್ಟ ಚುಕ್ಕೆ ಎಣಿಸಿದರೆ
ಎಷ್ಟು ಭಾನುವಾರ ಎಂದು ಹೇಳಬಹುದು.
ನನ್ನ ಕೈಗೆ ಕೋಲು ಬಂದದ್ದು ಒಂಬತ್ತನೇ ವರ್ಷ,
ಅವಳು ಮೂಗು ಸೀಟಿ ಬರುವಷ್ಟು ಹೊತ್ತು.

ಸುತ್ತಲಿನ ಅಂಚು ಬಿಟ್ಟು ಮುದ್ದೆಯಾಗಿ ತಿರುಗತೊಡಗಿದಾಗ
ನಾನು ಹಲಗೆ ಹಿಡಿಯುತ್ತೇನೆ, ಅವಳು ಮಗುಚುತ್ತಾಳೆ.
ಆವಿ ಒಮ್ಮೆಲೇ ಇಬ್ಬರ ಮುಖಕ್ಕೆ.
ಅಷ್ಟು ಹೊತ್ತು ನಾವು ಒಬ್ಬರಿಗೊಬ್ಬರು ಕಾಣುವುದಿಲ್ಲ.

ಆಮೇಲೆ ದಾರ. ಚಾಕು ಮುಟ್ಟಿಸುವಂತಿಲ್ಲ.
ಅಡಿಗೆ ತೂರಿಸಿ, ಎರಡೂ ತುದಿ ಹಿಡಿದು ಮೇಲಕ್ಕೆ ಎಳೆದರೆ
ನಟ್ಟನಡುವೆ ಎರಡು ಹೋಳು;
ಸರ್ವೆಯವನೂ ಎಳೆಯಲಾರ ಅಂಥ ಗೆರೆ.
ಒಂದು ಅವಳ ತಟ್ಟೆಗೆ.
ಇನ್ನೊಂದು ಬಟ್ಟೆ ಹೊದ್ದು ಹಲಗೆಯ ಮೇಲೆ ನನ್ನ ಜೊತೆ.

ಮನೆಯಲ್ಲಿ ಮೊಲದ ಸಾರು, ಹುರಿದ ಅಣಬೆ.
ಮೊದಲ ತುತ್ತಿಗೆ ಎಲ್ವಿಯೊ ಹೇಳುತ್ತಾನೆ, ಉಪ್ಪು ಕಡಿಮೆ.
ಹನ್ನೊಂದು ವರ್ಷದಿಂದ ಉಪ್ಪು ಕಡಿಮೆ.
ತಟ್ಟೆ ನೋಡಿದರೆ ತೊಳೆದಿಟ್ಟ ಹಾಗಿರುತ್ತದೆ.
ನನಗಿಷ್ಟ ಸೋಮವಾರದ್ದು,
ಆರಿ ಗಟ್ಟಿಯಾದದ್ದನ್ನು ಬಿಲ್ಲೆ ಮಾಡಿ ಒಲೆಯ ತಗಡಿನ ಮೇಲೆ ಕೆಂಪಗೆ ಸುಟ್ಟು
ಹಾಲಿನಲ್ಲಿ ಅದ್ದಿ.
ಇದನ್ನು ಅಮ್ಮನಿಗೆ ಹೇಳಿಲ್ಲ.

ತಳ ಹಿಡಿದ ಹಕ್ಕಳೆ ಮಾತ್ರ
ಕೊಪ್ಪರಿಗೆಯ ಜೊತೆ ಅವಳಿಗೇ ಹೋಯಿತು,
ಪಾಲುಪತ್ರದಲ್ಲಿ ಯಾರೂ ಬರೆಸಿರಲಿಲ್ಲ.
ಚಿಕ್ಕಂದಿನಲ್ಲಿ ಅದಕ್ಕಾಗಿ ಇವನು ಅವಳ ಜಡೆ ಜಗ್ಗಿದ್ದನಂತೆ,
ಅವಳು ಇವನ ಕಿವಿ ಕಚ್ಚಿದ್ದಳಂತೆ.
ಕಿವಿಯ ಗುರುತು ನಾನು ಕಂಡಿದ್ದೇನೆ.

ಹೋದ ಭಾನುವಾರ ದಾರ ಓರೆಯಾಯಿತು.
ನಿವೆಸ್ ಏನೂ ಅನ್ನಲಿಲ್ಲ.
ನನ್ನನ್ನು ಸೌದೆ ತರಲು ಕಳಿಸಿ, ಬರುವಷ್ಟರಲ್ಲಿ ಬಟ್ಟೆ ಮುಚ್ಚಿದ್ದಳು.
ದೊಡ್ಡ ಹೋಳು ಹಲಗೆಯ ಮೇಲೆ.

ಎಲ್ವಿಯೊ ಬಟ್ಟೆ ಸರಿಸಿ ಬಹಳ ಹೊತ್ತು ನೋಡಿದ.
ಅವಳ ಕಣ್ಣು ಮಂಜಾಯಿತೇನು, ಎಂದ,
ಹಲಗೆಯನ್ನು ಕೇಳುವವನ ಹಾಗೆ.
ಬಟ್ಟೆ ಮಡಿಸಹೋದರೆ ಮಡಿಕೆಯಲ್ಲಿ
ಅಂಗೈಯಗಲ ಹಕ್ಕಳೆ, ಕಂದು ಬಣ್ಣ, ಗರಿಗರಿ.

ಮೂಸಿದ. ಸೀದಿದೆ ಎಂದ.
ಕಿಟಕಿಯ ಕಡೆ ತಿರುಗಿ ನಿಂತು
ಕರಕರ ಅಗಿದು ಪೂರ್ತಿ ತಿಂದ.
ನನಗೆ ಒಂದು ಚೂರೂ ಉಳಿಸಲಿಲ್ಲ.